ಎಂಒಟಿ ಪರೀಕ್ಷೆ ಮತ್ತು ಬಳಸಿದ ಎಸ್‌ಯುವಿಗಳ ವಿಶ್ವಾಸಾರ್ಹತೆ

ಎಂಒಟಿ ಪರೀಕ್ಷೆಯು ಗ್ರೇಟ್ ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು, ಮೋಟಾರ್‌ಸೈಕಲ್ ಹಾಗೂ ಲಘು ವ್ಯಾನುಗಳಿಗೆ ಪ್ರತಿವರ್ಷ ಕಡ್ಡಾಯವಾಗಿ ನಡೆಯುವ ಸುರಕ್ಷತಾ ಮತ್ತು ಹೊಗೆ ತಪಾಸಣೆಯಾಗಿದೆ. ಇದನ್ನು ಜಾರಿಗೆ ತಂದ 'ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್' ಎಂಬ ಸಚಿವಾಲಯದ ಹೆಸರಿನ ಮೊದಲ ಅಕ್ಷರಗಳೇ ಪರೀಕ್ಷೆಯ ಹೆಸರಾಗಿ ನಿಂತಿವೆ. ಆ ಹೆಸರಿನ ಸಚಿವಾಲಯ ಈಗ ಇಲ್ಲ; ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಬಳಸಿದ ಕಾರುಗಳ ಮಾರುಕಟ್ಟೆಯಲ್ಲಿ, ವಿಶೇಷವಾಗಿ ಕುಟುಂಬಗಳು ಹೆಚ್ಚಾಗಿ ಕೊಳ್ಳುವ ಎಸ್‌ಯುವಿಗಳ ವಿಷಯದಲ್ಲಿ, ಈ ಪರೀಕ್ಷೆಯ ಪ್ರಮಾಣಪತ್ರವನ್ನು ವಾಹನದ ವಿಶ್ವಾಸಾರ್ಹತೆಯ ಪುರಾವೆಯೆಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಪ್ರಮಾಣಪತ್ರವು ಹೇಳುವುದು ಒಂದೇ ಸಂಗತಿಯನ್ನು: ಪರೀಕ್ಷೆ ನಡೆದ ದಿನ ವಾಹನವು ರಸ್ತೆಗಿಳಿಯಲು ಕಾನೂನು ವಿಧಿಸಿದ ಕನಿಷ್ಠ ಮಟ್ಟದಲ್ಲಿತ್ತು. ವಿಶ್ವಾಸಾರ್ಹತೆಯನ್ನು ತಿಳಿಯಲು ಒಂದು ವರ್ಷದ ಪ್ರಮಾಣಪತ್ರಕ್ಕಿಂತ ಹಲವು ವರ್ಷಗಳ ಪರೀಕ್ಷಾ ದಾಖಲೆಯನ್ನು ಒಟ್ಟಾಗಿ ಓದುವುದು ಹೆಚ್ಚು ಉಪಯುಕ್ತ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ರಸ್ತೆಗಳಲ್ಲಿ ಹಳೆಯ ಕಾರುಗಳ ಸಂಖ್ಯೆ ಹೆಚ್ಚಾಗಿತ್ತು. 1956ರ ರಸ್ತೆ ಸಂಚಾರ ಕಾಯ್ದೆಯು ಇಂತಹ ವಾಹನಗಳ ತಪಾಸಣೆಗೆ ಅವಕಾಶ ಕಲ್ಪಿಸಿತು. ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಸಚಿವರಾಗಿದ್ದಾಗ, 1960ರಲ್ಲಿ, ಪರೀಕ್ಷೆ ಜಾರಿಗೆ ಬಂದಿತು. ಆಗ ಹತ್ತು ವರ್ಷ ಮೀರಿದ ವಾಹನಗಳಿಗೆ ಮಾತ್ರ ಇದು ಅನ್ವಯವಾಗುತ್ತಿತ್ತು. ಬ್ರೇಕು, ದೀಪ ಮತ್ತು ಸ್ಟಿಯರಿಂಗ್ ಇವಿಷ್ಟನ್ನೇ ನೋಡಲಾಗುತ್ತಿತ್ತು. ಆದರೂ ಅನುತ್ತೀರ್ಣವಾದ ವಾಹನಗಳ ಪ್ರಮಾಣ ಅಧಿಕಾರಿಗಳನ್ನು ಬೆಚ್ಚಿಬೀಳಿಸುವಷ್ಟಿದ್ದುದರಿಂದ, ಮರುವರ್ಷವೇ ವಯೋಮಿತಿಯನ್ನು ಏಳು ವರ್ಷಕ್ಕೆ ಇಳಿಸಲಾಯಿತು. 1967ರಿಂದ ಅದು ಮೂರು ವರ್ಷವಾಗಿದೆ. ಅದನ್ನು ನಾಲ್ಕು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಸರ್ಕಾರವು 2024ರ ಜನವರಿಯಲ್ಲಿ ಕೈಬಿಟ್ಟಿತು.

ತಪಾಸಣೆಯ ಅಂಶಗಳು ಕ್ರಮೇಣ ಬೆಳೆದವು. 1968ರಲ್ಲಿ ಟೈರು ಸೇರಿತು. 1977ರಲ್ಲಿ ವೈಪರ್, ಹಾರ್ನ್, ಸೈಲೆನ್ಸರ್ ಕೊಳವೆ, ವಾಹನದ ಚೌಕಟ್ಟು ಮೊದಲಾದವು ಸೇರಿದವು. 1991ರಲ್ಲಿ ಪೆಟ್ರೋಲ್ ವಾಹನಗಳ ಹೊಗೆ ತಪಾಸಣೆ ಆರಂಭವಾಯಿತು. ಡೀಸೆಲ್ ಹೊಗೆಯ ತಪಾಸಣೆ ಅದರ ನಂತರ ಬಂದಿತು. 2005ರಿಂದ ಫಲಿತಾಂಶಗಳನ್ನು ಗಣಕೀಕರಿಸಲಾಗಿದ್ದು, ಬಳಸಿದ ಕಾರು ಕೊಳ್ಳುವವರ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಮಾಲೀಕನ ಕಪಾಟಿನಲ್ಲಿರುತ್ತಿದ್ದ ಕಾಗದವು ಅಂದಿನಿಂದ ಯಾರು ಬೇಕಾದರೂ ನೋಡಬಹುದಾದ ದಾಖಲೆಯಾಗುವ ದಾರಿ ತೆರೆಯಿತು.

ನಡೆಯುವ ವಿಧಾನ

ಪರೀಕ್ಷೆಯ ಮೇಲ್ವಿಚಾರಣೆ 2014ರಲ್ಲಿ ರೂಪುಗೊಂಡ ಚಾಲಕ ಮತ್ತು ವಾಹನ ಮಾನದಂಡಗಳ ಸಂಸ್ಥೆಯದು. ಆದರೆ ಪರೀಕ್ಷೆಯನ್ನು ಸರ್ಕಾರಿ ನೌಕರರು ಮಾಡುವುದಿಲ್ಲ. ಪರವಾನಗಿ ಪಡೆದ ಸುಮಾರು 23,000 ಗ್ಯಾರೇಜುಗಳಲ್ಲಿ ತರಬೇತಾದ ಪರೀಕ್ಷಕರು ಮಾಡುತ್ತಾರೆ. ನೀಲಿ ಹಿನ್ನೆಲೆಯಲ್ಲಿ ಮೂರು ಬಿಳಿ ತ್ರಿಕೋನಗಳಿರುವ ಫಲಕ ಇಂತಹ ಗ್ಯಾರೇಜಿನ ಗುರುತು. ಸಾಮಾನ್ಯ ಕಾರು ಮತ್ತು ಎಸ್‌ಯುವಿಗಳು ನಾಲ್ಕನೆಯ ವರ್ಗಕ್ಕೆ ಸೇರುತ್ತವೆ. ಈ ವರ್ಗಕ್ಕೆ ಗರಿಷ್ಠ ಶುಲ್ಕ 54.85 ಪೌಂಡ್ ಎಂದು ಸರ್ಕಾರ ನಿಗದಿಪಡಿಸಿದೆ. ಪರೀಕ್ಷೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

2018ರ ಮೇ 20ರಿಂದ ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗುತ್ತಿದೆ. 'ಅಪಾಯಕಾರಿ' ಎಂದು ಗುರುತಿಸಿದ ದೋಷವಿದ್ದರೆ ವಾಹನವನ್ನು ದುರಸ್ತಿಯಾಗುವವರೆಗೆ ಚಲಾಯಿಸುವಂತಿಲ್ಲ. 'ಪ್ರಮುಖ' ದೋಷವಿದ್ದರೂ ವಾಹನ ಅನುತ್ತೀರ್ಣವೇ. 'ಸಣ್ಣ' ದೋಷವಿದ್ದರೆ ಉತ್ತೀರ್ಣವಾಗುತ್ತದೆ, ಆದರೆ ದೋಷ ದಾಖಲಾಗುತ್ತದೆ. ಇವುಗಳ ಜೊತೆಗೆ ಪರೀಕ್ಷಕನು 'ಸಲಹೆ' ಎಂಬ ಟಿಪ್ಪಣಿಯನ್ನೂ ಬರೆಯಬಹುದು. ಈಗ ದೋಷವಲ್ಲದಿದ್ದರೂ ಮುಂದೆ ದೋಷವಾಗಬಹುದಾದ ಸವೆತ, ತುಕ್ಕು ಇತ್ಯಾದಿಗಳು ಇಲ್ಲಿ ಬರುತ್ತವೆ. ಕೊಳ್ಳುವವನಿಗೆ ಹೆಚ್ಚು ಮಾಹಿತಿ ಸಿಗುವುದು ಈ ಸಲಹೆಗಳಲ್ಲಿಯೇ.

ಮೊದಲ ಸಲದ ಪರೀಕ್ಷೆಯಲ್ಲಿ ಹತ್ತು ಕಾರುಗಳಲ್ಲಿ ಸುಮಾರು ಮೂರು ಅನುತ್ತೀರ್ಣವಾಗುತ್ತವೆ. ದೀಪಗಳು, ಸಸ್ಪೆನ್ಷನ್, ಬ್ರೇಕು ಮತ್ತು ಟೈರು ಇದಕ್ಕೆ ಮುಖ್ಯ ಕಾರಣಗಳು. ಅನುತ್ತೀರ್ಣವಾದ ವಾಹನವನ್ನು ಅದೇ ಗ್ಯಾರೇಜಿನಲ್ಲಿ ದುರಸ್ತಿಗೆ ಬಿಟ್ಟರೆ ಹತ್ತು ಕೆಲಸದ ದಿನಗಳೊಳಗಿನ ಭಾಗಶಃ ಮರುಪರೀಕ್ಷೆಗೆ ಶುಲ್ಕವಿರುವುದಿಲ್ಲ. ಪರೀಕ್ಷೆಯಿಲ್ಲದೆ ವಾಹನ ಚಲಾಯಿಸಿದರೆ 1,000 ಪೌಂಡ್‌ವರೆಗೆ ದಂಡ ವಿಧಿಸಬಹುದು. ಮೊದಲೇ ಗೊತ್ತುಮಾಡಿದ ಪರೀಕ್ಷೆಗೆ ಹೋಗುವ ಪ್ರಯಾಣಕ್ಕೆ ವಿನಾಯಿತಿಯಿದೆ.

ಕುಟುಂಬ ಬಳಕೆಯ ಎಸ್‌ಯುವಿ

ಬ್ರಿಟನ್ನಿನಲ್ಲಿ ಎಸ್‌ಯುವಿ ಮೊದಲಿಗೆ ರೈತರ ಮತ್ತು ಬೇಟೆಗಾರರ ವಾಹನವಾಗಿತ್ತು. 1990ರ ದಶಕದಲ್ಲಿ ಟೊಯೋಟಾ ರಾವ್4, ಹೋಂಡಾ ಸಿಆರ್-ವಿ, ಲ್ಯಾಂಡ್ ರೋವರ್ ಫ್ರೀಲ್ಯಾಂಡರ್ ಮುಂತಾದವು ಅದನ್ನು ಪಟ್ಟಣದ ಮನೆಯಂಗಳಕ್ಕೆ ತಂದವು. 2007ರಲ್ಲಿ ಮಾರುಕಟ್ಟೆಗೆ ಬಂದ, ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಾರ್ಖಾನೆಯಲ್ಲಿ ತಯಾರಾಗುವ ನಿಸ್ಸಾನ್ ಕಶ್ಕಾಯಿ ಈ ಬಗೆಯ ವಾಹನವನ್ನು ಸಾಮಾನ್ಯ ಕುಟುಂಬದ ಕಾರನ್ನಾಗಿ ಮಾಡಿತು. 2022ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹೊಸ ಕಾರು ಅದೇ. ಹೊಸದಾಗಿ ಮಾರಾಟವಾದ ಇಂತಹ ವಾಹನಗಳು ಕೆಲವು ವರ್ಷಗಳ ನಂತರ ಬಳಸಿದ ಕಾರುಗಳ ಅಂಗಡಿಗೆ ಬರುತ್ತವೆ. ಮಕ್ಕಳು, ವೃದ್ಧರು, ಸಾಮಾನು ಸರಂಜಾಮುಗಳಿರುವ ಮಧ್ಯಮ ವರ್ಗದ ಮನೆಯವರು ಇವನ್ನು ಹೆಚ್ಚಾಗಿ ಕೊಳ್ಳುತ್ತಾರೆ.

ಎಸ್‌ಯುವಿಗಳು ಸಣ್ಣ ಕಾರುಗಳಿಗಿಂತ ಭಾರವಾಗಿರುತ್ತವೆ. ಈ ಭಾರದಿಂದ ಬ್ರೇಕ್ ಡಿಸ್ಕು, ಪ್ಯಾಡು, ಸಸ್ಪೆನ್ಷನ್ನಿನ ಬುಷ್ ಮತ್ತು ಬಾಲ್ ಜಾಯಿಂಟುಗಳು ಹೆಚ್ಚು ಸವೆಯುತ್ತವೆ. ದೊಡ್ಡ ಗಾತ್ರದ ಚಕ್ರಗಳ ಟೈರು ದುಬಾರಿಯಾದ್ದರಿಂದ ಮಾಲೀಕರು ಬದಲಾವಣೆಯನ್ನು ಮುಂದೂಡುವುದುಂಟು. ಟೈರಿನ ನಡುವಿನ ಮುಕ್ಕಾಲು ಅಗಲದಲ್ಲಿ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ವಾಹನ ಅನುತ್ತೀರ್ಣವಾಗುತ್ತದೆ. ಕ್ಯಾರವಾನ್ ಎಳೆಯಲು ಜೋಡಿಸಿದ ಕೊಕ್ಕೆ ಇದ್ದರೆ ಅದನ್ನೂ ಪರೀಕ್ಷಿಸಲಾಗುತ್ತದೆ. ಇಂತಹ ಕೊಕ್ಕೆಯಿರುವ ಹಳೆಯ ಎಸ್‌ಯುವಿಯು ಭಾರ ಎಳೆದು ದುಡಿದಿರಬಹುದು ಎಂಬುದು ಕೊಳ್ಳುವವನು ಗಮನಿಸಬೇಕಾದ ಸಂಗತಿ. ಕ್ಲಚ್ಚಿನ ಆಯುಷ್ಯಕ್ಕೂ ಅದಕ್ಕೂ ಸಂಬಂಧವಿದೆ.

ಬ್ರೇಕಿನ ಬಲವನ್ನು ಸಾಮಾನ್ಯವಾಗಿ ತಿರುಗುವ ಉರುಳೆಗಳ ಮೇಲೆ ಚಕ್ರವನ್ನಿಟ್ಟು ಅಳೆಯುತ್ತಾರೆ. 2010ರ ಸೆಪ್ಟೆಂಬರ್ 1ರಿಂದ ಬಳಕೆಗೆ ಬಂದ ಕಾರುಗಳಲ್ಲಿ ಬ್ರೇಕಿನ ದಕ್ಷತೆ ಶೇ. 58ಕ್ಕಿಂತ ಕಡಿಮೆಯಿರಬಾರದು, ಅದಕ್ಕೂ ಹಿಂದಿನ ಬಹುತೇಕ ಕಾರುಗಳಿಗೆ ಈ ಮಿತಿ ಶೇ. 50. ಸದಾ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ವಾಹನಗಳನ್ನು ಈ ಉರುಳೆಗಳ ಮೇಲೆ ಪರೀಕ್ಷಿಸಿದರೆ ಅವುಗಳ ಚಾಲನಾ ವ್ಯವಸ್ಥೆಗೆ ಹಾನಿಯಾಗುತ್ತದೆ. ಆದ್ದರಿಂದ ಅವನ್ನು ರಸ್ತೆಯ ಮೇಲೆ ಓಡಿಸಿ, ವೇಗ ಇಳಿಯುವ ಪ್ರಮಾಣವನ್ನು ಅಳೆಯುವ ಉಪಕರಣದಿಂದ ಪರೀಕ್ಷಿಸುತ್ತಾರೆ.

ಡೀಸೆಲ್ ಎಸ್‌ಯುವಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಹೆದ್ದಾರಿಯಲ್ಲಿ ದೀರ್ಘಕಾಲ ಓಡಿದಾಗ ಎಂಜಿನ್ನಿನ ಬಿಸಿಯಿಂದ ಈ ಮಸಿ ಉರಿದುಹೋಗುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು, ಅಂಗಡಿಗೆ ಹೋಗುವುದು ಇಂತಹ ಚಿಕ್ಕ ಪ್ರಯಾಣಗಳಲ್ಲಿ ಅದು ಉರಿಯದೆ ಶೋಧಕ ಕಟ್ಟಿಕೊಳ್ಳುತ್ತದೆ. ಕುಟುಂಬದ ವಾಹನವೆಂದು ಡೀಸೆಲ್ ಎಸ್‌ಯುವಿಯನ್ನು ಕೊಂಡವರಿಗೆ ಕುಟುಂಬದ ದಿನಚರಿಯೇ ತೊಡಕಾಗುವ ಪರಿಸ್ಥಿತಿಯಿದು. ದುರಸ್ತಿಯ ಖರ್ಚಿಗೆ ಹೆದರಿ ಕೆಲವರು ಶೋಧಕವನ್ನೇ ತೆಗೆಸುತ್ತಿದ್ದರು. 2014ರ ಫೆಬ್ರವರಿಯಿಂದ, ಕಾರ್ಖಾನೆಯಲ್ಲಿ ಅಳವಡಿಸಿದ್ದ ಶೋಧಕ ಕಾಣೆಯಾಗಿದ್ದರೆ ವಾಹನ ಅನುತ್ತೀರ್ಣ. 2018ರಿಂದ ಶೋಧಕವಿರುವ ವಾಹನದಿಂದ ಕಣ್ಣಿಗೆ ಕಾಣುವಂತೆ ಯಾವುದೇ ಬಣ್ಣದ ಹೊಗೆ ಬಂದರೂ ಅದು ಅನುತ್ತೀರ್ಣವಾಗುತ್ತದೆ.

ಬ್ರಿಟನ್ನಿನ ಚಳಿಗಾಲದಲ್ಲಿ ಹಿಮಗಟ್ಟದಂತೆ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಈ ಉಪ್ಪುನೀರು ವಾಹನದ ಅಡಿಭಾಗಕ್ಕೆ ಸಿಡಿದು ಬ್ರೇಕಿನ ಕೊಳವೆ, ಸಸ್ಪೆನ್ಷನ್ ಕೂರುವ ಉಪಚೌಕಟ್ಟು, ಸ್ಪ್ರಿಂಗುಗಳನ್ನು ತಿನ್ನುತ್ತದೆ. ಸೀಟುಬೆಲ್ಟು, ಸಸ್ಪೆನ್ಷನ್, ಸ್ಟಿಯರಿಂಗ್ ಮೊದಲಾದವು ಜೋಡಣೆಯಾಗುವ ಸ್ಥಳದಿಂದ 30 ಸೆಂಟಿಮೀಟರ್ ಒಳಗೆ ಚೌಕಟ್ಟನ್ನು ದುರ್ಬಲಗೊಳಿಸುವ ತುಕ್ಕು ಇದ್ದರೆ ವಾಹನ ಉತ್ತೀರ್ಣವಾಗದು. ಹೈಬ್ರಿಡ್ ಎಸ್‌ಯುವಿಗಳಲ್ಲಿ ಇನ್ನೊಂದು ವಿಚಿತ್ರವಿದೆ. ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ವಿದ್ಯುತ್ ಮೋಟಾರೇ ಮಾಡುವುದರಿಂದ ಬ್ರೇಕ್ ಡಿಸ್ಕುಗಳು ಸವೆಯುವ ಬದಲು ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತವೆ.

ಪರೀಕ್ಷೆ ನೋಡದ ಸಂಗತಿಗಳು

ಎಂಜಿನ್, ಕ್ಲಚ್ಚು ಮತ್ತು ಗೇರ್‌ಬಾಕ್ಸಿನ ಸ್ಥಿತಿಯನ್ನು ಎಂಒಟಿ ಪರಿಶೀಲಿಸುವುದಿಲ್ಲ. ಬಳಸಿದ ಕಾರನ್ನು ಕೊಂಡವರು ನಂತರ ದೊಡ್ಡ ಮೊತ್ತವನ್ನು ಸುರಿಯುವುದು ಹೆಚ್ಚಾಗಿ ಈ ಮೂರಕ್ಕೇ. ಎಂಜಿನ್ನಿನ ಟೈಮಿಂಗ್ ಬೆಲ್ಟು ತಯಾರಕರು ಹೇಳಿದ ಅವಧಿ ಮೀರಿ ಹರಿಯುವ ಹಂತದಲ್ಲಿರಬಹುದು. ಸ್ವಯಂಚಾಲಿತ ಗೇರ್‌ಬಾಕ್ಸಿನ ಎಣ್ಣೆ ಎಂದೂ ಬದಲಾಗದಿರಬಹುದು. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಜೋಡಣೆ ಸವೆದಿರಬಹುದು. ಇವುಗಳಿದ್ದೂ ವಾಹನವು ಒಂದೂ ಟಿಪ್ಪಣಿಯಿಲ್ಲದೆ ಉತ್ತೀರ್ಣವಾಗಬಲ್ಲದು. ಹವಾನಿಯಂತ್ರಣ ಕೆಲಸ ಮಾಡುತ್ತದೆಯೇ ಎಂಬುದೂ, ಹೈಬ್ರಿಡ್ ಅಥವಾ ವಿದ್ಯುತ್ ವಾಹನದ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದೂ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ.

ಎಂಜಿನ್ ದೋಷವನ್ನು ಸೂಚಿಸುವ ಎಚ್ಚರಿಕೆ ದೀಪ ಉರಿಯುತ್ತಿದ್ದರೆ 2018ರಿಂದ ವಾಹನ ಅನುತ್ತೀರ್ಣವಾಗುತ್ತದೆ. 2003ರ ಜುಲೈ ನಂತರದ ಪೆಟ್ರೋಲ್ ಹಾಗೂ 2008ರ ಜುಲೈ ನಂತರದ ಡೀಸೆಲ್ ಕಾರುಗಳಿಗೆ ಈ ನಿಯಮ ಅನ್ವಯಿಸುತ್ತದೆ. ಇದು ಎಂಜಿನ್ನಿನ ಪರೀಕ್ಷೆಯಲ್ಲ, ದೀಪದ ಪರೀಕ್ಷೆ. ದೋಷಸಂಕೇತವನ್ನು ಅಳಿಸಿ ದೀಪ ಆರಿಸಿಕೊಂಡು ಬಂದ ವಾಹನದಲ್ಲಿ ಮೂಲ ದೋಷ ಹಾಗೆಯೇ ಉಳಿದಿರಬಹುದು.

ಪರೀಕ್ಷಕನು ವಾಹನದ ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ಇಂದಿನ ಎಸ್‌ಯುವಿಗಳ ಅಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದರ ಮೇಲಿನ ತುಕ್ಕು ಆತನ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಆಸನಕ್ಕೆ ಮಗುವಿನ ಸೀಟು ಕಟ್ಟಿದ್ದರೆ, ಅದನ್ನು ಹಿಡಿದಿರುವ ಬೆಲ್ಟನ್ನು ಕಾಣುವಷ್ಟು ಮಾತ್ರ ನೋಡುತ್ತಾನೆ. ಆದ್ದರಿಂದ ಪರೀಕ್ಷೆಗೆ ಬಿಡುವ ಮೊದಲು ಮಗುವಿನ ಸೀಟನ್ನು ತೆಗೆದಿಡುವುದು ಒಳ್ಳೆಯದು.

ದಾಖಲೆಯನ್ನು ಓದುವ ಕ್ರಮ

ವಾಹನದ ನೋಂದಣಿ ಸಂಖ್ಯೆಯೊಂದಿದ್ದರೆ ಸರ್ಕಾರದ ಜಾಲತಾಣದಲ್ಲಿ ಅದರ ಹಿಂದಿನ ಪರೀಕ್ಷೆಗಳನ್ನು ಉಚಿತವಾಗಿ ನೋಡಬಹುದು. ಗ್ರೇಟ್ ಬ್ರಿಟನ್ನಿನ ಫಲಿತಾಂಶಗಳು 2005ರಿಂದ, ಉತ್ತರ ಐರ್ಲೆಂಡಿನವು 2017ರಿಂದ ಲಭ್ಯ. ಪರೀಕ್ಷೆಯ ದಿನ, ಫಲಿತಾಂಶ, ಓಡೋಮೀಟರಿನ ಅಂಕಿ, ದೋಷ ಹಾಗೂ ಸಲಹೆಗಳು ಅಲ್ಲಿರುತ್ತವೆ. ವಾಹನದ ಮೊದಲ ಮೂರು ವರ್ಷಗಳಿಗೆ ಯಾವ ದಾಖಲೆಯೂ ಇರುವುದಿಲ್ಲ; ಆ ಅವಧಿಗೆ ಸರ್ವಿಸ್ ಪುಸ್ತಕವೇ ಆಧಾರ.

ಮೊದಲು ನೋಡಬೇಕಾದದ್ದು ಓಡೋಮೀಟರಿನ ಅಂಕಿ. ಅದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರಬೇಕು. ನಡುವೆ ಒಮ್ಮೆ ಇಳಿದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರುವ ಸಂಶಯಕ್ಕೆ ಎಡೆಯಿದೆ, ಬರೆಯುವಾಗ ಆದ ಕೈತಪ್ಪೂ ಆಗಿರಬಹುದು; ಮುಂದಿನ ವರ್ಷದ ಅಂಕಿಯನ್ನು ನೋಡಿದರೆ ಯಾವುದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಎರಡು ಪರೀಕ್ಷೆಗಳ ನಡುವೆ ಒಂದು ವರ್ಷಕ್ಕಿಂತ ಬಹಳ ಹೆಚ್ಚಿನ ಅಂತರವಿದ್ದರೆ, ವಾಹನ ಎಲ್ಲೋ ನಿಂತಿತ್ತು ಅಥವಾ ಪರೀಕ್ಷೆಯಿಲ್ಲದೆ ಓಡಿತ್ತು ಎಂದರ್ಥ. 2020 ಮತ್ತು 2021ರ ದಾಖಲೆಗಳಲ್ಲಿ ಮಾತ್ರ ಎಚ್ಚರಿಕೆ ಬೇಕು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 30ರಿಂದ ಜುಲೈ ಅಂತ್ಯದವರೆಗೆ ಪರೀಕ್ಷೆಗೆ ಬರಬೇಕಿದ್ದ ಕಾರುಗಳಿಗೆ ಸರ್ಕಾರವೇ ಆರು ತಿಂಗಳ ಕಾಲಾವಕಾಶ ನೀಡಿತ್ತು.

ಎರಡನೆಯದು ಮರುಕಳಿಸುವ ಸಲಹೆಗಳು. ಎರಡು ಎಸ್‌ಯುವಿಗಳನ್ನು ಹೋಲಿಸಿ ನೋಡಬಹುದು. ಒಂದರ ದಾಖಲೆಯಲ್ಲಿ ಯಾವ ವರ್ಷವೂ ಅನುತ್ತೀರ್ಣವಿಲ್ಲ, ಆದರೆ 'ಹಿಂದಿನ ಉಪಚೌಕಟ್ಟಿಗೆ ತುಕ್ಕು' ಎಂಬ ಸಲಹೆ ನಾಲ್ಕು ವರ್ಷ ಸತತವಾಗಿ ಬಂದಿದೆ. ಇನ್ನೊಂದು ಎರಡು ಸಲ ಅನುತ್ತೀರ್ಣವಾಗಿದೆ, ಒಮ್ಮೆ ಹೆಡ್‌ಲೈಟಿನ ಬಲ್ಬಿಗೆ, ಒಮ್ಮೆ ಮುಂದಿನ ಸ್ಪ್ರಿಂಗು ಮುರಿದದ್ದಕ್ಕೆ. ಎರಡೂ ದುರಸ್ತಿಯಾಗಿ ಮತ್ತೆ ಆ ಮಾತು ಬಂದಿಲ್ಲ. ಮೇಲ್ನೋಟಕ್ಕೆ ಮೊದಲನೆಯದರ ದಾಖಲೆ ನಿರ್ಮಲ. ಆದರೆ ಅದರ ಮಾಲೀಕರು ಹೇಳಿದ್ದನ್ನು ಕೇಳಿಸಿಕೊಂಡಿಲ್ಲ. ಅದರ ಖರ್ಚು ಮುಂದಿನ ಮಾಲೀಕನಿಗಾಗಿ ಕಾದಿದೆ. ಎರಡನೆಯ ವಾಹನದ ಮಾಲೀಕರು ದೋಷ ತಿಳಿದಾಗಲೆಲ್ಲ ಸರಿಪಡಿಸಿದ್ದಾರೆ. ಕೊಳ್ಳಲು ಯೋಗ್ಯವಾದದ್ದು ಬಹುಶಃ ಇದೇ.

ಮಾರಾಟಕ್ಕೆ ಇಡುವ ಕೆಲವೇ ದಿನಗಳ ಹಿಂದೆ ಪಡೆದ ಪ್ರಮಾಣಪತ್ರವನ್ನು 'ಹನ್ನೆರಡು ತಿಂಗಳ ಎಂಒಟಿ ಇದೆ' ಎಂದು ಜಾಹೀರಾತಿನಲ್ಲಿ ಹೇಳುವುದು ವಾಡಿಕೆ. ಹಿಂದಿನ ವರ್ಷಗಳಲ್ಲಿ ಐದಾರು ಸಲಹೆಗಳಿದ್ದು, ಮಾರಾಟದ ಮುನ್ನಿನ ಪರೀಕ್ಷೆಯಲ್ಲಿ ಮಾತ್ರ ಒಂದೂ ಇಲ್ಲದಿದ್ದರೆ ಆ ಭಾಗಗಳನ್ನು ಬದಲಿಸಿದ ರಸೀದಿಗಳನ್ನು ಕೇಳುವುದು ಸೂಕ್ತ. ನಾಲ್ಕು ಚಕ್ರ ಚಾಲನೆಯ ವಾಹನವಾದರೆ ನಾಲ್ಕೂ ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಆಗಿದೆಯೇ ಎಂದು ಬಗ್ಗಿ ನೋಡಬೇಕು. ಪರೀಕ್ಷೆಯು ಆಳದ ಕನಿಷ್ಠ ಮಿತಿಯನ್ನಷ್ಟೇ ಕೇಳುತ್ತದೆ. ಸವೆತದ ವ್ಯತ್ಯಾಸದಿಂದ ಚಾಲನಾ ಜೋಡಣೆಗೆ ಆಗುವ ಒತ್ತಡ ಅದರ ಲೆಕ್ಕಕ್ಕೆ ಬರುವುದಿಲ್ಲ.

ಮಾದರಿವಾರು ಪಟ್ಟಿಗಳು

ಸರ್ಕಾರವು ವಾಹನದ ಗುರುತು ತೆಗೆದ ಪರೀಕ್ಷಾ ದತ್ತಾಂಶವನ್ನು ಸಾರ್ವಜನಿಕರಿಗೆ ಒದಗಿಸುತ್ತದೆ. ಇದನ್ನು ಬಳಸಿ ಪತ್ರಿಕೆಗಳು 'ಅತ್ಯಂತ ವಿಶ್ವಾಸಾರ್ಹ ಎಸ್‌ಯುವಿಗಳು' ಎಂಬಂತಹ ಪಟ್ಟಿಗಳನ್ನು ಪ್ರಕಟಿಸುತ್ತವೆ. ಇವುಗಳಲ್ಲಿ ಬಲ್ಬು ಸುಟ್ಟು ಅನುತ್ತೀರ್ಣವಾದದ್ದಕ್ಕೂ ಚೌಕಟ್ಟು ಕೊಳೆತು ಅನುತ್ತೀರ್ಣವಾದದ್ದಕ್ಕೂ ಒಂದೇ ಬೆಲೆ. ಅತಿಯಾಗಿ ಕೆಟ್ಟ ವಾಹನಗಳು ಗುಜರಿಗೆ ಹೋಗಿ ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಪರೀಕ್ಷೆಗೆ ಮೊದಲು ಸರ್ವಿಸ್ ಮಾಡಿಸುವ ಅನುಕೂಲಸ್ಥ ಮಾಲೀಕರ ಕಾರುಗಳ ಫಲಿತಾಂಶ ಸಹಜವಾಗಿಯೇ ಉತ್ತಮವಾಗಿರುತ್ತದೆ. ಅದು ಕಾರಿನ ಗುಣವೋ ಮಾಲೀಕನ ಗುಣವೋ ಪಟ್ಟಿಯಿಂದ ತಿಳಿಯದು. ಒಂದೇ ವಯಸ್ಸಿನ, ಹೆಚ್ಚುಕಡಿಮೆ ಅಷ್ಟೇ ಮೈಲಿ ಓಡಿದ ವಾಹನಗಳನ್ನು ಹೋಲಿಸಿದಾಗ ಮಾತ್ರ ಇಂತಹ ಅಂಕಿಗಳಿಗೆ ಅರ್ಥ ಬರುತ್ತದೆ. ಜರ್ಮನಿಯ 'ಟ್ಯೂಫ್ ವರದಿ'ಯು ವಾಹನಗಳನ್ನು ವಯಸ್ಸಿನ ಗುಂಪುಗಳಾಗಿ ವಿಂಗಡಿಸಿ, ಸರಾಸರಿ ಓಡಿದ ಕಿಲೋಮೀಟರನ್ನೂ ಕೊಡುವುದರಿಂದ ಈ ದೃಷ್ಟಿಯಿಂದ ಮೇಲು. ಜರ್ಮನಿಯಲ್ಲಿ ಮೊದಲ ತಪಾಸಣೆ ಮೂರನೆಯ ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ.

ಟೀಕೆಗಳು

ಪರೀಕ್ಷಿಸುವ ಗ್ಯಾರೇಜೇ ದುರಸ್ತಿಯನ್ನೂ ಮಾಡಬಹುದಾದ್ದರಿಂದ ಇಲ್ಲದ ದೋಷವನ್ನು ತೋರಿಸುವ, ಅಥವಾ ಮಾರಾಟಗಾರನ ಪರಿಚಯಕ್ಕೆ ಕಟ್ಟುಬಿದ್ದು ಇರುವ ದೋಷವನ್ನು ಬಿಡುವ ಅಪಾಯವಿದೆ ಎಂಬುದು ಹಳೆಯ ಆಕ್ಷೇಪ. ಉತ್ತರ ಐರ್ಲೆಂಡಿನಲ್ಲಿ ಪದ್ಧತಿ ಬೇರೆ. ಅಲ್ಲಿ ಕಾರಿಗೆ ನಾಲ್ಕು ವರ್ಷ ತುಂಬಿದಾಗ ಮೊದಲ ಪರೀಕ್ಷೆ; ಅದನ್ನು ದುರಸ್ತಿ ಮಾಡದ ಸರ್ಕಾರಿ ಕೇಂದ್ರಗಳೇ ನಡೆಸುತ್ತವೆ. ಇದಕ್ಕೂ ತನ್ನದೇ ತೊಂದರೆಯುಂಟು. 2020ರ ಜನವರಿಯಲ್ಲಿ ಈ ಕೇಂದ್ರಗಳ ಲಿಫ್ಟುಗಳಲ್ಲಿ ಬಿರುಕುಗಳು ಕಂಡುಬಂದು ಕಾರುಗಳ ಪರೀಕ್ಷೆಯೇ ನಿಂತುಹೋಗಿತ್ತು.

ಕಾನೂನಿನ ರಕ್ಷಣೆ

1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ರಸ್ತೆಗೆ ಯೋಗ್ಯವಲ್ಲದ ವಾಹನವನ್ನು ಮಾರುವುದು ಅಪರಾಧ. ಚಾಲ್ತಿಯಲ್ಲಿರುವ ಎಂಒಟಿ ಪ್ರಮಾಣಪತ್ರವಿದೆ ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ. ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ದೋಷ ಕಂಡುಬಂದರೆ, 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ ಹಣ ಪಡೆಯುವ ಹಕ್ಕಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ರಕ್ಷಣೆಯಿಲ್ಲ.

ಭಾರತದ ಪದ್ಧತಿ

ಕರ್ನಾಟಕದಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸುವ ಕುಟುಂಬಗಳಿಗೆ ಎಂಒಟಿ ಹೊಸದೆನಿಸುವುದು ಸಹಜ. ಭಾರತದಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿಗೆ 1988ರ ಮೋಟಾರು ವಾಹನ ಕಾಯ್ದೆಯಂತೆ 15 ವರ್ಷಗಳ ಸಿಂಧುತ್ವವಿದೆ. ಆನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಡುವಿನ ಅವಧಿಯಲ್ಲಿ ಕಡ್ಡಾಯವಾದದ್ದು ಹೊಗೆ ತಪಾಸಣೆಯ ಪ್ರಮಾಣಪತ್ರ ಮಾತ್ರ. ಹಳದಿ ಬೋರ್ಡಿನ ವಾಹನಗಳಿಗೆ ಮಾತ್ರ ಜನರು 'ಎಫ್.ಸಿ.' ಎಂದು ಕರೆಯುವ ಅರ್ಹತಾ ಪತ್ರ ಬೇಕು. ಅದನ್ನು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಪಡೆಯಬೇಕು. ಹೀಗಾಗಿ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ಇನ್ನೋವಾಗಳಲ್ಲಿ ಬಾಡಿಗೆಗೆ ಓಡುವುದು ಹಲವು ಸಲ ತಪಾಸಣೆ ಕಂಡಿರುತ್ತದೆ, ಮನೆಯ ಮುಂದೆ ನಿಲ್ಲುವುದು ಒಮ್ಮೆಯೂ ಕಂಡಿರುವುದಿಲ್ಲ. ಬಿಳಿ ಬೋರ್ಡಿನ ಹಳೆಯ ಎಸ್‌ಯುವಿಯನ್ನು ಇಲ್ಲಿ ಕೊಳ್ಳುವವರಿಗೆ ವರ್ಷವರ್ಷದ ದೋಷಗಳ ಸರ್ಕಾರಿ ಪಟ್ಟಿ ಇರುವುದಿಲ್ಲ. ಸರ್ವಿಸ್ ದಾಖಲೆ ಮತ್ತು ಪರಿಚಿತ ಮೆಕ್ಯಾನಿಕ್ಕಿನ ಕಣ್ಣು ಇವೆರಡನ್ನೇ ಅವರು ನೆಚ್ಚಬೇಕಾಗುತ್ತದೆ.